ಪೊರಕೆ ಮುಟ್ಟದ ಮಧ್ಯಾಹ್ನ

ನಮ್ಮ ಮೊಳಕಾಲ್ಮೂರು ಸೀರೆಗೆ ಮಗ್ಗದ ಮುಂದೆ ಇಬ್ಬರು ಕೂರಬೇಕು. ಒಬ್ಬರು ಮೈ ನೇಯ್ದರೆ ಇನ್ನೊಬ್ಬರು ಆಚೆ ಅಂಚಿನ ಲಾಳಿ ಎಸೆಯಬೇಕು. ಮದುವೆಯಾದಾಗಿನಿಂದ ಆ ಜಾಗ ನನ್ನ ಹೆಂಡತಿಯದು. ದುಬೈಯ ಸೀರೆ ಮೇಳವೊಂದರಲ್ಲಿ ನೇಯ್ದು ತೋರಿಸಲು ಅವಳನ್ನು ಕರೆದರು. ಮನೆಗೊಬ್ಬರಿಗಷ್ಟೇ ಜಾಗ. ನಮ್ಮ ಮನೆತನದಲ್ಲಿ ವಿಮಾನ ಹತ್ತಿದ ಮೊದಲನೆಯವಳು ಅವಳೇ.

ಟಿಕೆಟ್ ಓದಿದವನು ನಾನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಏಟು ತಿಂದು ಕಲಿತ ಲೆಕ್ಕ ಮರೆತಿಲ್ಲ. ಬೆಂಗಳೂರು ಬಿಡುವುದು ಬೆಳಿಗ್ಗೆ ಹತ್ತಕ್ಕೆ, ದುಬೈ ಸೇರುವುದು ಹನ್ನೆರಡೂವರೆಗೆ. ಕಳೆದರೆ ಎರಡೂವರೆ ತಾಸು. “ಇಲ್ಲಿಂದ ಬೆಂಗ್ಳೂರಿಗೆ ಹೋಗೋ ಬಸ್ಸಿಗಿಂತ ಬೇಗ” ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಹೋದವರು ಮುಟ್ಟಿದ ಸುದ್ದಿ ಬರುವ ತನಕ ನಮ್ಮಲ್ಲಿ ಮನೆ ಗುಡಿಸುವುದಿಲ್ಲ. ಗುಡಿಸಿದರೆ ಹೋದವರನ್ನೇ ಗುಡಿಸಿ ಹಾಕಿದಂತೆ ಎನ್ನುತ್ತಾಳೆ ಅವ್ವ. ಅಂದು ಬೆಳಗಿನಿಂದ ಪೊರಕೆ ಮೂಲೆಯಲ್ಲೇ ಇತ್ತು. ರೇಷ್ಮೆ ಎಳೆಯ ಚೂರುಗಳು ನೆಲದ ತುಂಬ.

ಹನ್ನೆರಡೂವರೆ ಆಯಿತು. ಫೋನಿಲ್ಲ. ನಾನೇ ಮಾಡಿದರೆ ಸ್ವಿಚ್ ಆಫ್. ಒಂದು ಗಂಟೆ ದಾಟಿದಾಗ ಪಕ್ಕದ ಮನೆಯಲ್ಲಿರುವ ಹೆಂಡತಿಯ ತಮ್ಮ ಬಾಗಿಲಿಗೆ ಬಂದ.

“ಏನ್ ಬಾವ, ನಮ್ಮಕ್ಕ ಇಳಿದ್ಲಾ? ಇಲ್ಲ, ಇನ್ನೂ ಮೋಡದಾಗೇ ಕುಂತವ್ಳಾ?”

“ಇಳಿದ್ಲು” ಎಂದುಬಿಟ್ಟೆ. ಲೆಕ್ಕ ಹೇಳಿದವನು ನಾನಲ್ಲವೇ?

“ಹಂಗಾರೆ ದುಬೈ ಅಂದ್ರೆ ಇಲ್ಲೇ ಪಕ್ಕದ ನಮ್ಮ ತಳಕು ಇದ್ದಂಗೆ ಬಿಡು!” ಎಂದು ನಕ್ಕು, ಅಲ್ಲೇ ಕಟ್ಟೆಯ ಮೇಲೆ ಕೂತ.

ನಾನು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟೆ. ಲಾಳಿ ಹಿಡಿಯಲಾಗಲಿಲ್ಲ. ಎರಡೂವರೆ ಸಾವಿರ ಕಿಲೋಮೀಟರಿಗೂ ಮೇಲಂತೆ, ಬಹುಪಾಲು ಕೆಳಗೆ ಬರೀ ಸಮುದ್ರವಂತೆ. ಚಳ್ಳಕೆರೆಗೆ ಹೋದಾಗ ವರವು ಕಾವಲಿನ ಬಯಲಲ್ಲಿ ಪರೀಕ್ಷೆಗೆ ಹಾರಿಸುವ ವಿಮಾನ ಕಂಡಿದ್ದೆ. ಅದರೊಳಗೆ ಜನ ಇರುವುದಿಲ್ಲ. ಬಿದ್ದರೆ ತಗಡು ಬೀಳುತ್ತದೆ. ಇದರೊಳಗೆ ಅವಳಿದ್ದಾಳೆ.

ಸರ್, ಸರ್ ಎಂಬ ಸದ್ದು ಕೇಳಿ ತಿರುಗಿದೆ. ಅವ್ವ ಗುಡಿಸುತ್ತಿದ್ದಳು.

“ಬ್ಯಾಡವ್ವ!”

“ಯಾಕಪ್ಪ? ಮುಟ್ಟಿದ್ಲು ಅಂದ್ಯಲ್ಲ?”

“ಮುಟ್ಟಿಲ್ಲವ್ವ. ಏನಾತೋ ಗೊತ್ತಿಲ್ಲ. ಟೈಮ್ ಮೀರಿ ಹೋಗೈತೆ, ಫೋನೇ ಇಲ್ಲ.”

ಹೊಸ್ತಿಲ ಬಳಿ ಒಂದು ಮೊಳ ನೆಲ ಆಗಲೇ ಚೊಕ್ಕಟವಾಗಿತ್ತು. ಅವ್ವ ಪೊರಕೆ ಕೆಳಗಿಟ್ಟಳು, ಬೈಯಲಿಲ್ಲ. ಕುಕ್ಕರಗಾಲಲ್ಲಿ ಕೂತು, ಗುಡ್ಡೆಯಾಗಿದ್ದ ರೇಷ್ಮೆ ಚೂರುಗಳನ್ನು ಹಿಡಿ ಹಿಡಿಯಾಗಿ ಎತ್ತಿ ಮತ್ತೆ ಅದೇ ಜಾಗಕ್ಕೆ ಉದುರಿಸತೊಡಗಿದಳು. ನಾನೂ ಕೂತೆ. ಕಟ್ಟೆಯಿಂದ ಎದ್ದು ಬಂದ ಹೆಂಡತಿಯ ತಮ್ಮ ಈ ಸಲ ನಗಲಿಲ್ಲ. ಅವನೂ ಕೂತು ಒಂದು ಹಿಡಿ ಎತ್ತಿದ. ಮೂವರೂ ಸೇರಿ ಮನೆಗೆ ಕಸ ಹಾಕುತ್ತಿದ್ದೆವು.

ಎರಡು ಗಂಟೆ ದಾಟಿದ ಮೇಲೆ ಫೋನ್ ಬಂತು. ಹೊಸ ನಂಬರು.

“ಏನ್ರೀ, ಈಗ ಇಳಿದ್ವಿ. ಸರಿಯಾಗಿ ಟೈಮಿಗೆ.”

“ಯಾವ ಟೈಮೇ? ಎರಡು ಗಂಟೆ ಆಗೋತಲ್ಲೇ!”

“ಅದು ನಿಮಗೆ. ಇಲ್ಲಿ ಇನ್ನೂ ಹನ್ನೆರಡೂವರೆ. ಇಲ್ಲಿನ ಗಡಿಯಾರ ಒಂದೂವರೆ ತಾಸು ಹಿಂದಂತೆ. ನಾಕು ತಾಸು ಕುಂತು ಕುಂತು ಸೊಂಟ ಹೋತು ನಂದು. ಊಟ ಮಾಡಿದ್ರಾ?”

ಮಾಡಿದೆ ಎಂದೆ. ಅದೂ ಸುಳ್ಳೇ.

ಅವಳ ತಮ್ಮ ಕಣ್ಣೊರೆಸಿಕೊಂಡು, “ಬಾವಾ, ತಳಕು ಸ್ವಲ್ಪ ದೂರ ಆತು” ಎಂದ. ಅವ್ವ ಪೊರಕೆ ಎತ್ತಿಕೊಂಡಳು.

“ಇನ್ನ ಗುಡಿಸ್ಲೇನಪ್ಪ?”

ಮುಟ್ಟಿದ ಸುದ್ದಿ ನನ್ನ ಕಿವಿಗೇ ಬಿದ್ದಿತ್ತು. ಆದರೂ ಕೈಯಲ್ಲಿದ್ದ ಚೂರುಗಳನ್ನು ನಾನಿನ್ನೂ ಬಿಟ್ಟಿರಲಿಲ್ಲ.

“ಇವತ್ತೊಂದಿನ ಇರ್ಲಿ ಬಿಡವ್ವ” ಎಂದೆ.