“ಸರಿಯಾಗಿಯೇ ಹೇಳಿದಂತೆ” ಎಂದ ಬಾಯಿಗೆ ಅಮ್ಮ ಕೊಟ್ಟ ಮಾತು

ಆ ಶನಿವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ನಾನು ಸುಲ್ತಾನ್ ಬತ್ತೇರಿಯ ಒಂದು ಸಭಾಂಗಣದ ವೇದಿಕೆಯಲ್ಲಿ, ಎಡದಿಂದ ಮೂರನೆಯ ಕುರ್ಚಿಯ ಮುಂದೆ, ಮೈಕು ಹಿಡಿದು ನಿಂತಿದ್ದೆ. ಕಾಡಿನ ಜನ ಭೂಮಿಗಾಗಿ ಗುಡಿಸಲು ಹಾಕಿ ಕೂತಿದ್ದ, ಅವರ ಪರ ಮಾತಾಡಿದವರನ್ನೆಲ್ಲ ಪೊಲೀಸರು ನಕ್ಸಲರೆಂದು ಅನುಮಾನಿಸುತ್ತಿದ್ದ ಕಾಲ. ದೆಹಲಿಯಿಂದ ಬಂದ ಸಮಿತಿಯ ಮುಂದೆ ಇಂಗ್ಲಿಷಿನಲ್ಲಿ ಚರ್ಚೆ. ತೋಲ್ಪೆಟ್ಟಿಯ ಹತ್ತಿರದ ಆದಿವಾಸಿ ಹಾಡಿಯೊಂದರ ಪರವಾಗಿ ನಾನು. ಹಾಡಿಯ ಕೆಂಚಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಮನೆಯನ್ನು ಅರಣ್ಯ ಇಲಾಖೆಯವರು ಕೆಡವಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದು ವರದಿಗೆ ಸೇರಿದರೆ ಜಾಗ ಮರಳಿ ಸಿಗಬಹುದಿತ್ತು.

ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವನು, ಸಭೆಯಲ್ಲಿ ಮಾತಾಡಿದವನಲ್ಲ. ಒಂದು ಮಾತಿನಿಂದ ಇನ್ನೊಂದಕ್ಕೆ ದಾಟಿಸುವ ಇಂಗ್ಲಿಷ್ ವಾಕ್ಯಗಳನ್ನು ಪುಸ್ತಕದಿಂದ ಆರಿಸಿ, ಒಂದು ತಿಂಗಳು ಪ್ರತಿ ಬೆಳಿಗ್ಗೆ, ಜಿನಸ್ತೋತ್ರ ಮುಗಿದೊಡನೆ ಅದೇ ರಾಗದಲ್ಲಿ ಬಾಯಿಪಾಠ ಮಾಡಿದ್ದೆ. ಮೊದಲನೆಯದು, “ಹಿಂದಿನವರು ಸರಿಯಾಗಿಯೇ ಹೇಳಿದಂತೆ.” ಎರಡನೆಯದು, “ಇನ್ನೊಂದು ಕಡೆಯಿಂದ ನೋಡಿದರೆ.” ಸ್ತೋತ್ರದ ಹಾಗೆ ಮೊದಲಿನಿಂದ ಹಿಡಿದರೆ ಮಾತ್ರ ಉಳಿದದ್ದು ಬರುತ್ತಿತ್ತು.

ನನಗಿಂತ ಮೊದಲು ಮಾತಾಡಿದ ಅರಣ್ಯಾಧಿಕಾರಿ, ಹಾಡಿಯವರು ತಾವಾಗಿಯೇ ಬಿಟ್ಟುಹೋದರು ಎಂದರು. ನಾನು ಎದ್ದು ಮೊದಲನೆಯ ವಾಕ್ಯವನ್ನೇ ಹೇಳಿದೆ. ಅಧ್ಯಕ್ಷರು ತಲೆಯಾಡಿಸಿ ಬರೆದುಕೊಂಡರು. ಅಧಿಕಾರಿಯ ಮಾತನ್ನೇ ಒಪ್ಪಿಬಿಟ್ಟೆನೆಂದು ಆ ಕ್ಷಣವೇ ನನಗೆ ತಿಳಿಯಿತು. ತಿದ್ದಲಿಲ್ಲ. ತಿದ್ದುವುದಕ್ಕೆ ವಾಕ್ಯ ಕಲಿತಿರಲಿಲ್ಲ. ಎರಡನೆಯದನ್ನು ಹೇಳಿದೆ, ಇನ್ನೇನೋ ತೊದಲಿದೆ, ಕೂತೆ.

ಸಭೆ ಮುಗಿದು ಚಹಾಕ್ಕೆ ಬಿಟ್ಟಾಗ, ತಂಗಿ ವಿಮಲೆಯೊಡನೆ ನಿಂತಿದ್ದ ನನ್ನ ಬಳಿಗೆ ಕೆಂಚಿ ಬಂದಳು. “ಮಾಷೇ, ನಮ್ಮ ಮನೆ ಕೆಡವಿದ್ದು ಹೇಳಿದ್ರಾ?”

“ಹೇಳಿದೆ,” ಎಂದೆ.

“ಅಷ್ಟು ಬೇಗ ಮುಗೀತಾ? ಕೆಡವೋಕೆ ಅವರಿಗೇ ಅರ್ಧ ದಿನ ಬೇಕಾಯ್ತು,” ಎಂದು ನಕ್ಕಳು.

ನಾನು ಕಟ್ಟಡದ ಹಿಂದೆ ಹೋಗಿ ನಮ್ಮ ದೇವಿ ಪದ್ಮಾವತಿ ಅಮ್ಮನವರನ್ನು ನೆನೆದೆ. ಧೈರ್ಯ ಬೇಡಲಿಲ್ಲ. “ಅಮ್ಮಾ, ಇದು ಯಾರಿಗೂ ತಿಳಿಯದಿರಲಿ,” ಎಂದು ಬೇಡಿದೆ. ಭಕ್ತ ಬಂಧುಗಳೇ, ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಬೇಡುತ್ತಿದ್ದಾಗಲೇ ನಮ್ಮ ಅಪ್ಪ ಕಣ್ಣಿಗೆ ಕಟ್ಟಿದರು. ಪ್ರತಿವರ್ಷ, ನಾವು ಜೈನರು ಎಲ್ಲರಲ್ಲೂ ಕ್ಷಮೆ ಕೇಳುವ ಕ್ಷಮಾವಣಿಯ ದಿನ, ಅವರು ಗದ್ದೆಗಿಳಿದು, ನಾಟಿ ಮಾಡುವ ಆಳುಗಳೆದುರು ಕೈಮುಗಿದು, “ತಪ್ಪಾಗಿದ್ದರೆ ಕ್ಷಮಿಸಿ” ಎನ್ನುತ್ತಿದ್ದರು. ನನ್ನ ಕಾಲು ತಾನಾಗಿ ತಿರುಗಿತು. ಕೆಂಚಿಯ ಎದುರು ನಿಂತು ಕೈಮುಗಿದೆ. “ನಿನಗೆ ಸುಳ್ಳು ಹೇಳಿದೆ. ನೀವೇ ಬಿಟ್ಟುಹೋದಿರಿ ಅಂತ ಅವರು ಹೇಳಿದ್ದಕ್ಕೆ ಸರಿ ಅಂದುಬಿಟ್ಟೆ.”

ಅವಳು ನಗಲಿಲ್ಲ. “ಕೈ ಮುಗಿಯೋದು ನನಗಲ್ಲ ಮಾಷೇ. ಅವರು ಹೊರಟ್ರು, ನೋಡಿ,” ಎಂದವಳೇ ಓಡಿಹೋಗಿ ಅಧ್ಯಕ್ಷರ ಜೀಪಿನ ಮುಂದೆ ನಿಂತಳು. ಪೊಲೀಸಿನವನು ಲಾಠಿ ಎತ್ತಿದ. ನನ್ನ ಬಾಯಿಂದ, ಯಾವ ಪುಸ್ತಕದಲ್ಲೂ ಇಲ್ಲದ ಮೂರು ಗಿಡ್ಡ ಇಂಗ್ಲಿಷ್ ವಾಕ್ಯಗಳು ಬಂದವು: ನಾನು ತಪ್ಪು ಹೇಳಿದೆ. ಅವರನ್ನು ಓಡಿಸಿದರು. ನಾನು ನೋಡಿದೆ.

ಲಾಠಿ ಕೆಳಗಿಳಿಯಿತು. ಅಧ್ಯಕ್ಷರು ಜೀಪಿನ ಬಾನೆಟ್ಟಿನ ಮೇಲೆಯೇ ಹಾಳೆ ಇಟ್ಟು, ಹಿಂದಿನ ಸಾಲು ಹೊಡೆದುಹಾಕಿ, ಹೊಸದು ಬರೆದು, ನನ್ನಿಂದ ಸಹಿ ಹಾಕಿಸಿದರು. ಮುಂದಿನ ಮಳೆಗಾಲಕ್ಕೆ ಮುಂಚೆ ಹಾಡಿಯವರು ತಮ್ಮ ಜಾಗಕ್ಕೆ ಮರಳಿದರು.

ನಾನು ಬೇಡಿದ್ದನ್ನು ಅಮ್ಮ ಕೊಡಲಿಲ್ಲ. ಕೊಡದೆ ಕಾಪಾಡಿದಳು. ಅಂದಿನಿಂದ ಅವಳ ಮುಂದೆ ಏನನ್ನೂ ಮುಚ್ಚಿಡೆಂದು ಕೇಳಿಲ್ಲ.

ಇದಕ್ಕೆ ಸಾಕ್ಷಿಯಾದವರಲ್ಲಿ ಅಧ್ಯಕ್ಷರು ತೀರಿಕೊಂಡರೆಂದು ಕೇಳಿದೆ. ಜೀಪು ಓಡಿಸಿದ ವರ್ಗೀಸ್ ಬತ್ತೇರಿಯಲ್ಲಿದ್ದಾರೆ. ನಾನು “ಹೇಳಿದೆ” ಎಂದ ಸುಳ್ಳನ್ನು ಪಕ್ಕದಲ್ಲೇ ನಿಂತು ಕೇಳಿದ ನನ್ನ ತಂಗಿ ವಿಮಲೆ ಇದ್ದಾಳೆ. ಕೆಂಚಿ ಇದ್ದಾಳೆ, ತನ್ನ ಮನೆಯಲ್ಲಿ.