ಗೋಧಿ ಕಣಜದ ಮೇಲಿನ ಮುಳ್ಳು

ಆರ್ಡಿಸ್ ಸ್ಕಾರ್ ಮೂವತ್ತೊಂದು ವರ್ಷದಿಂದ ಒಂದೇ ಕೌಂಟರಿನ ಹಿಂದೆ ನಿಂತಿದ್ದಾಳೆ. ಪೂರ್ವ ಮೊಂಟಾನಾದ ಆ ಪುಟ್ಟ ಊರಿನಲ್ಲಿ ಮೊಳೆ, ಮುಳ್ಳುತಂತಿ, ಕರುವಿಗೆ ಹಾಲು ಕುಡಿಸುವ ಬಾಟಲಿ ಎಲ್ಲವೂ ಅವಳ ಅಂಗಡಿಯಲ್ಲೇ ಸಿಗಬೇಕು. ನವೆಂಬರ್ ಬಂತೆಂದರೆ ಮಾತ್ರ ಜನ ಬರುವುದು ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪು ಕೊಳ್ಳುವುದಕ್ಕೆ, ಹಾಗೇ ಅವಳ ಕೈಲಿ ನಾಲ್ಕು ಮಾತು ಬೈಸಿಕೊಳ್ಳುವುದಕ್ಕೆ.

ಸ್ಕೋಪು ಕೇಳಿದವನ ಕೈಗೆ ಅವಳು ಮೊದಲು ಕೊಡುವುದು ನಳಿಕೆಯಿಲ್ಲದ ಮರದ ಬಂದೂಕು. ತೀರಿಕೊಂಡ ಗಂಡ ಕೆತ್ತಿಕೊಟ್ಟದ್ದು. ಅದರ ಮೇಲೆ ಸ್ಕೋಪು ಕೂರಿಸಿ ಹಿಂಬಾಗಿಲಿಗೆ ಕರೆದೊಯ್ಯುತ್ತಾಳೆ. ಗಿರಾಕಿ ಕಣ್ಣು ಮುಚ್ಚಿ ಅದನ್ನು ಹೆಗಲಿಗೆ ಏರಿಸಬೇಕು, ಆಮೇಲೆ ಕಣ್ಣು ಬಿಡಬೇಕು. ಬಿಟ್ಟೊಡನೆ ಗಾಜಿನ ತುಂಬ ಬೆಳಕು ಕಂಡರೆ ಆ ಸ್ಕೋಪು ಅವನದು. ಕತ್ತು ಕುಣಿಸಿ ಹುಡುಕಬೇಕಾಗಿ ಬಂದರೆ ಎಷ್ಟು ಅಂಗಲಾಚಿದರೂ ಅವಳು ಮಾರುವುದಿಲ್ಲ. ಅದಾದ ಮೇಲೆ ಎರಡನೇ ಪರೀಕ್ಷೆ. ನಾಲ್ಕು ನೂರು ಗಜದಾಚೆ, ರೈಲು ಹಳಿಯ ಪಕ್ಕ ಗೋಧಿ ಕಣಜದ ಎತ್ತರದ ಗೋಡೆ. ಅದರ ನೆತ್ತಿಯಲ್ಲಿ ಬಂಡಿಚಕ್ರದಷ್ಟು ದೊಡ್ಡ, ಗಡಿಯಾರದ ಹಾಗೆ ಮುಳ್ಳಿರುವ ಥರ್ಮಾಮೀಟರು. ಮೂರು ಎಣಿಸುವುದರೊಳಗೆ ಅದರ ಮುಳ್ಳು ಎಲ್ಲಿದೆ ಅಂತ ಹೇಳಬೇಕು.

"ಜಿಂಕೆ ನಿನಗೋಸ್ಕರ ಕಾಯ್ಕೊಂಡು ನಿಂತಿರಲ್ಲ," ಎನ್ನುವುದು ಅವಳ ಖಾಯಂ ಮಾತು.

ಆ ಮಂಗಳವಾರ ಹನ್ನೊಂದು ಗಂಟೆಗೆ ತಮ್ಮ ಲೊವೆಲ್ ಬಂದ. ಬೇಟೆಯ ಕಾಲ ಮುಗಿಯಲು ಐದೇ ದಿನ ಉಳಿದಿತ್ತು. ಮೂರು ವರ್ಷ ಚಿಕ್ಕವನು, ಒಂಟಿ. ದನ ಮಾರಿದ ಮೇಲೆ ಅವನಿಗೆ ಉಳಿದಿದ್ದು ಶಾಲೆಯ ಹಳದಿ ಬಸ್ಸೊಂದೇ. ಬೆಳಿಗ್ಗೆ ಹನ್ನೊಂದು ಮಕ್ಕಳನ್ನು ಕರೆತಂದು, ಮಧ್ಯಾಹ್ನ ಎರಡೂವರೆಗೆ ವಾಪಸು ಬಿಡುವುದು. ಆ ಮಕ್ಕಳ ಮಾತೆತ್ತಿದರೆ ಅವನ ಮುಖ ಅರಳುತ್ತಿತ್ತು.

ಅವನನ್ನು ಕಂಡು ಆರ್ಡಿಸಳಿಗೆ ಖುಷಿಯಾಗಲಿಲ್ಲ. ಹೋದ ವರ್ಷ ಲೊವೆಲ್ ಹೊಡೆದ ಗುಂಡು ಒಂದು ಗಂಡು ಜಿಂಕೆಯ ದವಡೆಗೆ ಬಿದ್ದಿತ್ತು. ಗಾಯಗೊಂಡದ್ದನ್ನು ಹುಡುಕದೆ ಬಿಡುವುದು ಅಲ್ಲಿಯವರ ಪಾಲಿಗೆ ತಲೆ ಎತ್ತಿ ತಿರುಗಲಾಗದ ಕೆಲಸ. ಅಕ್ಕ ತಮ್ಮ ಇಬ್ಬರೂ ಹಿಮದಲ್ಲಿ ರಕ್ತದ ಜಾಡು ಹಿಡಿದು ಅಲೆದರು. ಆರನೇ ದಿನ ಒಂದು ಕೊರಕಲಿನಲ್ಲಿ ಅದು ಸಿಕ್ಕಿತು. ಬಾಯಿ ಮುಚ್ಚಲಾಗದೆ, ಮೇಯಲಾಗದೆ, ಮೂಳೆ ಚಕ್ಕಳವಾಗಿ ಸತ್ತಿತ್ತು.

"ತಿರುಪು ಹಿಂದಕ್ಕೆ ತಿರುಗಿಸೋದು ಮರೆತೆ," ಎಂದಿದ್ದ ಲೊವೆಲ್ ಆವತ್ತು. ಸ್ಕೋಪಿನ ನೆತ್ತಿಯ ತಿರುಪನ್ನು ದೂರದ ಜಿಂಕೆಗೆಂದು ಏರಿಸಿಟ್ಟು, ಆ ಜಿಂಕೆ ಓಡಿಹೋಗಿ, ಹತ್ತಿರದಲ್ಲಿ ಇನ್ನೊಂದು ಕಂಡಾಗ ಅವಸರದಲ್ಲಿ ಹಾಗೇ ಹೊಡೆದರೆ ಗುಂಡು ಮೇಲೆ ಹೋಗುತ್ತದೆ. ಅಲ್ಲಿ ಒಬ್ಬರಲ್ಲ ಒಬ್ಬರು ಮಾಡಿರುವ ತಪ್ಪು ಅದು. ಕೇಳಿದವರೆಲ್ಲ ತಲೆಯಾಡಿಸಿದ್ದರು. ತಿರುಪಿನ ಸ್ಕೋಪು ಮಾರಿದವಳು ತಾನೇ ಎಂದು ಆರ್ಡಿಸ್ ವರ್ಷವಿಡೀ ತನ್ನನ್ನು ತಾನೇ ಶಪಿಸಿಕೊಂಡಿದ್ದಳು. ಹಾಗೆ ಶಪಿಸಿಕೊಳ್ಳುವುದು ಅವಳಿಗೆ ಒಂದು ರೀತಿಯಲ್ಲಿ ಅನುಕೂಲವೂ ಆಗಿತ್ತು. ಯಾಕೆಂದರೆ ಅವಳ ಮನಸ್ಸಿನ ಮೂಲೆಯಲ್ಲಿ ಇನ್ನೊಂದು ಸಂಶಯವಿತ್ತು. ಈಚೆಗೆ ಲೊವೆಲ್ ಕಾಫಿ ಬಗ್ಗಿಸಿದರೆ ಲೋಟ ತುಂಬಿ ಚೆಲ್ಲುತ್ತಿತ್ತು. ಒಂದು ಸಲ ಚರ್ಚಿನ ಬಾಗಿಲಲ್ಲಿ ಎದುರಿಗೇ ನಿಂತಿದ್ದ ಅಕ್ಕನನ್ನು ದಾಟಿಕೊಂಡು ಹೋಗಿದ್ದ. ಇವತ್ತು ಕೇಳುತ್ತೇನೆ, ನಾಳೆ ಕೇಳುತ್ತೇನೆ ಎಂದು ಅವಳು ದಿನ ದೂಡಿದ್ದಳು.

"ಈ ಸಲ ತಿರುಪಿನದು ಬೇಡ ಕಣೇ," ಎಂದ ಲೊವೆಲ್, ಟೋಪಿ ಕೌಂಟರಿನ ಮೇಲಿಟ್ಟು. "ಗಾಜಿನೊಳಗೇ ಗುರುತು ಇರುತ್ತಲ್ಲ, ನಡುಗೆರೆ ಕೆಳಗೆ ಒಂದರ ಕೆಳಗೊಂದು, ಒಂದೊಂದು ದೂರಕ್ಕೆ ಒಂದೊಂದು, ಅಂಥದ್ದು ಕೊಡು. ನೋಡಿದ ತಕ್ಷಣ ಹೊಡೆಯೋ ಹಾಗಿರಬೇಕು."

"ತಕ್ಷಣ ಅಂತೆ. ಹುಟ್ಟಿದಾಗಿಂದ ನೀನು ಯಾವ ಕೆಲಸ ತಕ್ಷಣ ಮಾಡಿದ್ದೀಯ?"

"ನಿನ್ನ ಅಂಗಡಿಯಿಂದ ಹೊರಗೆ ಹೋಗೋದು."

ಆರ್ಡಿಸ್ ನಕ್ಕಳು. ಎರಡು ಸ್ಕೋಪು ಹೊರತೆಗೆದಳು. ಒಂದು ಬಲವಾದದ್ದು, ದೂರದ್ದನ್ನು ಮೂಗಿನ ತುದಿಗೇ ತಂದಿಡುವಂಥದ್ದು. ಲೊವೆಲ್ ಕೈ ಅದಕ್ಕೇ ಹೋಯಿತು.

"ಅದರ ಕಿರಿದಾದ ಕಿಂಡೀಲಿ ಜಿಂಕೆ ಸಿಗೋ ಹೊತ್ತಿಗೆ ಅದು ಕೆನಡಾ ಸೇರಿರುತ್ತೆ. ಅಷ್ಟು ಹತ್ತಿರ ತೋರಿಸೋದು ನಿನಗೆ ಯಾಕೆ ಬೇಕು?"

ಲೊವೆಲ್ ಅದನ್ನು ವಾಪಸು ಇಟ್ಟ. ಅವಳು ಇನ್ನೊಂದನ್ನು ಮರದ ಬಂದೂಕಿಗೆ ಕೂರಿಸಿದಳು. ಹಿಂಬಾಗಿಲಲ್ಲಿ ಅವನು ಕಣ್ಣು ಮುಚ್ಚಿ ಅದನ್ನು ಎತ್ತಿದ ಚೆಂದ ನೋಡಬೇಕಿತ್ತು. ನಲವತ್ತೈದು ವರ್ಷದ ಅಭ್ಯಾಸ, ಒಂದು ಕೂದಲೆಳೆ ಆಚೀಚೆ ಆಗಲಿಲ್ಲ.

"ಬೆಳಕು ತುಂಬಿದೆಯಾ?"

"ತುಂಬಿದೆ."

"ಮುಳ್ಳು ಎಲ್ಲಿದೆ?" ರೂಢಿಯಂತೆ ಕೇಳಿಬಿಟ್ಟಳು. ಕೇಳಿದ ಮೇಲೆ ನೆನಪಾಯಿತು. ಹೋದ ವಾರದ ಗಾಳಿಗೆ ಆ ಮುಳ್ಳು ಕಿತ್ತುಹೋಗಿತ್ತು. ನಾಲ್ಕು ದಿನದಿಂದ ಅವಳು ಗಿರಾಕಿಗಳಿಗೆ ಕಣಜದ ಅಂಚಿನ ಪಾರಿವಾಳ ಎಣಿಸಲು ಹೇಳುತ್ತಿದ್ದಳು. ತಿದ್ದಿಕೊಳ್ಳಬೇಕು ಎನ್ನುವಷ್ಟರಲ್ಲಿ ಲೊವೆಲ್ ಹೇಳಿಯಾಗಿತ್ತು.

"ಹನ್ನೊಂದು ಡಿಗ್ರಿ. ಎರಡು ಎಣಿಸೋಕೂ ಬಿಡಲಿಲ್ಲ ನೋಡು."

ಬೆಳಿಗ್ಗೆ ಬಸ್ಸಿನ ಮೀಟರಿನಲ್ಲೋ ರೇಡಿಯೋದಲ್ಲೋ ಸಿಕ್ಕಿದ್ದ ಫ್ಯಾರನ್‌ಹೀಟ್ ಹನ್ನೊಂದು, ನೀರು ಗಡ್ಡೆಕಟ್ಟುವ ಚಳಿ. ದಿನಕ್ಕೆರಡು ಸಲ ಆ ಕಣಜದ ಬುಡದಲ್ಲೇ ಬಸ್ಸು ಓಡಿಸುವವನು ಇವನು.

"ಲೊವೆಲ್, ಅಲ್ಲಿ ಮುಳ್ಳೇ ಇಲ್ಲ ಕಣೋ."

ಅವನು ಬಂದೂಕನ್ನು ಕೆಳಗಿಳಿಸಲಿಲ್ಲ. ಬಲಗಣ್ಣು ಗಾಜಿನಿಂದ ತೆಗೆಯದೆ ಅದನ್ನು ಥರ್ಮಾಮೀಟರಿನ ಸುತ್ತ ಮೆಲ್ಲಗೆ ಆಡಿಸಿದ.

"ಸುತ್ತಲೂ ಎಲ್ಲ ಕಾಣುತ್ತೆ," ಎಂದ. "ನಡುವೆ ಮಾತ್ರ, ಗಾಜಿಗೆ ಎಣ್ಣೆ ಬೆರಳು ಒತ್ತಿದ ಹಾಗೆ. ಗುರಿ ಇಟ್ಟ ಜಾಗವೇ ಕಾಣಲ್ಲ."

"ಎಡಗಣ್ಣು?"

"ಅದಕ್ಕೂ ಬೇಸಿಗೆಯಿಂದ ಶುರುವಾಗಿದೆ."

"ಹಾಗಾದ್ರೆ ಹೋದ ವರ್ಷ ತಿರುಪು..."

"ತಿರುಪು ಸರಿಯಾಗೇ ಇತ್ತು."

ಅವಳಿಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ವರ್ಷವಿಡೀ ಸ್ಕೋಪಿನ ಮೇಲೆ ತಪ್ಪು ಹೊರಿಸಿ ಇಬ್ಬರೂ ಸೇರಿ ಆ ಬಸ್ಸನ್ನು ರಸ್ತೆಯಲ್ಲಿ ಬಿಟ್ಟಿದ್ದರು.

"ಎರಡೂವರೆಗೆ ಬಸ್ಸಿದೆ," ಎಂದಳು.

"ಆ ದಾರಿ ನನಗೆ ಬಾಯಿಪಾಠ ಕಣೇ ಆರ್ಡಿಸ್."

"ಹನ್ನೊಂದು ಡಿಗ್ರಿನೂ ಬಾಯಿಪಾಠವೇ ಆಗಿತ್ತು."

"ಯಾರಿಗೂ ಹೇಳಬೇಡ. ಅದೂ ಹೋದ್ರೆ ನಾನು ಬೆಳಿಗ್ಗೆ ಎದ್ದು ಏನು ಮಾಡಲಿ?"

ಆರ್ಡಿಸಳಿಗೆ ತಮ್ಮನನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡರೆ ಒಪ್ಪಿಬಿಡುತ್ತೇನೆಂದು ಹೆದರಿ ಒಳಗೆ ಹೋದಳು. ಫೋನೆತ್ತಿ ಶಾಲೆಯ ನಂಬರು ಒತ್ತಿದಳು. ಆ ಕಡೆ ಕಚೇರಿಯ ಹೆಂಗಸು ಹಲೋ ಎಂದಳು. ಹಿಂದಿನಿಂದ ಬಂದ ಲೊವೆಲ್ ಫೋನು ಕಿತ್ತುಕೊಂಡ. ಇಟ್ಟುಬಿಡುತ್ತಾನೆ ಎಂದುಕೊಂಡಳು.

"ನಾನು ಲೊವೆಲ್ಲು," ಎಂದ ಅವನು. "ಇವತ್ತಿಂದ ಬಸ್ಸಿಗೆ ಬೇರೆಯವರನ್ನ ಹಾಕಿ. ನನ್ನ ಕಣ್ಣು ಹೋಗ್ತಿದೆ. ಬರುವವರಿಗೆ ಹೇಳೋಕೆ ಸ್ವಲ್ಪ ಬರ್ಕೊಳ್ಳಿ. ಸೇತುವೆ ದಾಟಿದ ಮೇಲೆ ನೆರಳಲ್ಲಿ ಹಿಮಗಡ್ಡೆ ಇರುತ್ತೆ, ನಿಧಾನ ಹೋಗಬೇಕು. ಮೂರನೇ ಗೇಟಿನ ಬ್ರಿನ್‌ಗೆ ಹೊಟ್ಟೆ ತೊಳಸುತ್ತೆ, ಮುಂದಿನ ಸೀಟು ಕೊಡಿ. ಬೆಳಿಗ್ಗೆ ಅವಳು ಕುದುರೆಗೆ ಮುತ್ತು ಕೊಟ್ಟು ಬರೋದು, ತಡ ಆಗುತ್ತೆ. ಹಾರ್ನ್ ಹೊಡೀಬೇಡಿ, ಕುದುರೆ ಬೆದರುತ್ತೆ."

ಹನ್ನೊಂದು ಮಕ್ಕಳ ಮನೆಯನ್ನೂ ಒಂದೊಂದಾಗಿ ಹೇಳಿ ಮುಗಿಸಿದ. ಎಲ್ಲೂ ತಪ್ಪಲಿಲ್ಲ. ಆಮೇಲೆ ಜೇಬಿನಿಂದ ಬಸ್ಸಿನ ಕೀಲಿಯನ್ನೂ ತನ್ನ ಗಾಡಿಯ ಕೀಲಿಯನ್ನೂ ತೆಗೆದು ಎರಡು ಸ್ಕೋಪುಗಳ ಪಕ್ಕ ಇಟ್ಟ.

"ಈಗ ನನ್ನನ್ನ ಮನೆಗೆ ನೀನೇ ಬಿಡಬೇಕು," ಎಂದ.