ಇಂಗಿಲ್ಲದ ಸಾರು

ಗೋಧಿ ನನ್ನ ಮೈಗೆ ಆಗುವುದಿಲ್ಲ ಎಂದು ಕೋಲಾರದ ಡಾಕ್ಟರಮ್ಮ ಹೇಳಿದಾಗ ನನಗೆ ಒಂಥರ ಸಮಾಧಾನವೇ ಆಯಿತು. ಹೊಟ್ಟೆ ಉಬ್ಬರ, ಭೇದಿ, ರಕ್ತ ಕಡಿಮೆ ಎಂದು ವರ್ಷಗಟ್ಟಲೆ ಗುಳಿಗೆ ನುಂಗಿ ಸಾಕಾಗಿತ್ತು. ಈಗ ಕಾಯಿಲೆಗೆ ಸೀಲಿಯಾಕ್ ಎಂಬ ಹೆಸರು ಸಿಕ್ಕಿತ್ತು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ, ಅದು ಚೂರೇ ಚೂರು ಒಳಗೆ ಹೋದರೂ ನಿಮ್ಮ ಕರುಳಿಗೆ ಪೆಟ್ಟು ಎಂದರು. ಮುಳಬಾಗಿಲಿನ ನಮ್ಮ ಮನೆಯಲ್ಲಿ ಇರುವವರು ಅಮ್ಮ ಮತ್ತು ನಾನು. ತಿನ್ನುವುದು ಅನ್ನ, ಮುದ್ದೆ. ಬಿಡುವುದೇನು ಕಷ್ಟ ಅಂದುಕೊಂಡೆ.

ಚಪಾತಿ, ಉಪ್ಪಿಟ್ಟು, ಶಾವಿಗೆ ನಿಂತವು. ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಬಂದರೆ ಕೈಮುಗಿಯುತ್ತಿದ್ದೆ. ಆದರೂ ಹೊಟ್ಟೆ ಸರಿಹೋಗಲಿಲ್ಲ. ಕೋಲಾರದ ಬಸ್ಸಿನಲ್ಲಿ, ನಡುದಾರಿಯಲ್ಲಿ ಎಲ್ಲಿ ಇಳಿಯಬೇಕಾಗುತ್ತದೋ ಎಂದು ಬಾಗಿಲ ಪಕ್ಕದ ಸೀಟನ್ನೇ ಹುಡುಕುತ್ತಿದ್ದೆ.

ಮೊದಲು ಅನುಮಾನ ಬಂದದ್ದು ಹಿಟ್ಟಿನ ಗಿರಣಿಯ ಮೇಲೆ. ಗೋಧಿ ಬೀಸಿದ ಕಲ್ಲಿಗೇ ನಮ್ಮ ರಾಗಿಯನ್ನೂ ಸುರಿಯುತ್ತಿದ್ದರು. ಮನೆಗೇ ಒಂದು ಪುಟ್ಟ ಗಿರಣಿ ತಂದೆ. ಸ್ವಲ್ಪ ಗುಣ ಕಂಡಿತು, ಪೂರ್ತಿ ಅಲ್ಲ. ಮನೆಯಲ್ಲಿರುವುದನ್ನೆಲ್ಲ ನೋಡಿ, ತುಟಿಗೆ ಹಚ್ಚುವುದನ್ನೂ ಬಿಡಬೇಡಿ ಎಂದರು ಡಾಕ್ಟರಮ್ಮ.

ಒಂದು ಭಾನುವಾರ ಅಡುಗೆಮನೆಯ ನೆಲದ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತೆ. ಅಮ್ಮ ದಂಟಿನ ಸೊಪ್ಪು ಬಿಡಿಸುತ್ತ, ಇವಳಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡುತ್ತಿದ್ದಳು. ತುಟಿಯ ಮುಲಾಮು, ಗುಳಿಗೆ, ಹಪ್ಪಳ ಎಲ್ಲದರ ಮೇಲಿನ ಬರಹ ಓದಿದೆ. ಇಂಗಿನ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಗೋಧಿ ಹಿಟ್ಟು ಎಂದಿತ್ತು. ಗಟ್ಟಿಯಾಗಿ ಓದಿದೆ.

"ಒಂದು ಚಿಟಿಕೆ ಇಂಗು ಕಣೇ ಅದು," ಅಂದಳು ಅಮ್ಮ.

ಚಿಟಿಕೆಯೂ ಆಗುವುದಿಲ್ಲ ಅಂದೆ. ಅವಳ ಕೈ ಸೊಪ್ಪಿನ ಮೇಲೇ ನಿಂತಿತು. ಸಾರು, ಹುಳಿ, ಗೊಜ್ಜು, ಉಪ್ಪಿನಕಾಯಿ, ನಮ್ಮಲ್ಲಿ ಇಂಗಿಲ್ಲದ್ದು ಯಾವುದಿತ್ತು? ನನಗೆ ಹೊಟ್ಟೆ ಕೆಟ್ಟ ದಿನವಂತೂ, ಒಳ್ಳೆಯದಾಗುತ್ತದೆ ಎಂದು ಮಜ್ಜಿಗೆಗೆ ಇಂಗನ್ನು ಹೆಚ್ಚಾಗಿಯೇ ಕದಡಿ ಕೊಡುತ್ತಿದ್ದಳು.

"ನಾನೇ ಹಾಕ್ತಿದ್ನಲ್ಲೇ," ಅಂದಳು.

ನಿನಗೇನು ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ ಎಂದು ಹೇಳಿದೆ. ಅದು ಅವಳ ಮನಸ್ಸಿಗೆ ಇಳಿದಂತೆ ಕಾಣಲಿಲ್ಲ. ಆವತ್ತು ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಇಂಗು ಮನೆಯಿಂದ ಹೋಯಿತು. ಹೊಟ್ಟೆ ಮೆಲ್ಲಗೆ ತಹಬಂದಿಗೆ ಬಂತು. ಆದರೆ ಸಾರು ಸಪ್ಪೆ. ನಾನು ಬಾಯಿಬಿಟ್ಟು ಹೇಳಲಿಲ್ಲ, ತಟ್ಟೆಯಲ್ಲಿ ಬಿಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ನಮ್ಮದು ಅರ್ಚಕರ ಮನೆ. ಅಪ್ಪ ಇದ್ದಾಗಲೂ, ಹೋದ ಮೇಲೂ ಬೆಳ್ಳುಳ್ಳಿ ಹೊಸಿಲು ದಾಟಿದ್ದಿಲ್ಲ. ಒಂದು ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ, "ಬರ್ತಾ ಬೆಳ್ಳುಳ್ಳಿ ತಗೊಂಡ್ಬಾ," ಅಂದಳು. ನಾನು ತಿರುಗಿ ನೋಡಿದೆ. "ನಾನು ತಿನ್ನಲ್ಲ. ನಿನಗೆ ಹಾಕ್ತೀನಿ."

ಅದಕ್ಕೆ ಹಿತ್ತಿಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಮೂಗಿಗೆ ಸೆರಗು ಹಿಡಿದು ಒಗ್ಗರಣೆ ಹಾಕುತ್ತಾಳೆ. ತಾನು ರುಚಿ ನೋಡುವ ಹಾಗಿಲ್ಲವಾದ್ದರಿಂದ ಉಪ್ಪು ಒಮ್ಮೊಮ್ಮೆ ಜಾಸ್ತಿ, ಒಮ್ಮೊಮ್ಮೆ ಮರೆತೇ ಹೋಗಿರುತ್ತದೆ.

ಹೋದ ತಿಂಗಳು ಬೈರಕೂರಿನ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆವು. ಎಲೆ ಹಾಕುವ ಮೊದಲೇ ಅಮ್ಮ ಅಡುಗೆಯವರಿದ್ದ ಶಾಮಿಯಾನಕ್ಕೆ ನಡೆದು, "ಇಂಗುವ ವೇಸಾರಾ?" ಎಂದು ತೆಲುಗಿನಲ್ಲೇ ವಿಚಾರಿಸಿದಳು. ಇಂಗು ಹಾಕದೆ ಇರುತ್ತೇವಾ ಎಂದು ಅವರು ನಕ್ಕರು. ಅಮ್ಮ ನಗಲಿಲ್ಲ. ಚೀಲದಿಂದ ಮೊಸರನ್ನದ ಡಬ್ಬಿ ತೆಗೆದು, ಪಂಕ್ತಿಯ ನಡುವೆ ಎಲ್ಲರೂ ನೋಡುತ್ತಿದ್ದಂತೆ ನನ್ನ ಎಲೆಗೆ ತಾನೇ ಬಡಿಸಿದಳು. ನನಗೆ ನಾಚಿಕೆಯಾಗಿತ್ತು. ಹಸಿವೂ ಆಗಿತ್ತು. ತಲೆ ಬಗ್ಗಿಸಿ ಊಟ ಮಾಡಿದೆ.